ವಿಮಾನದ ಎಣ್ಣೆ

ಸೆಲ್ವಣ್ಣಾ, ಸಾಹೇಬರ ಸ್ಪೋರ್ಟ್ಸ್ ಕಾರಿನ ಕ್ಲಚ್ಚು ಹಾಳು ಮಾಡಿದವನು ನಾನು. ನೀವಲ್ಲ. ಸುಳ್ಳು ಹೇಳಿ ನಿಮ್ಮ ಹೆಸರು ಕೆಡಿಸಿದವನೂ ನಾನೇ. ಅದಾದ ಮೇಲೂ ಇಷ್ಟು ವರ್ಷ ನಿಮ್ಮ ಎದುರು ಕೂತು ಟೀ ಕುಡಿದಿದ್ದೇನೆ — ನಾಚಿಕೆಗೆಟ್ಟವನು.

ನಿಮಗೆ ಗೊತ್ತಿರುವುದನ್ನೂ ಸೇರಿಸಿಯೇ ಹೇಳುತ್ತೇನೆ, ಇಲ್ಲವಾದರೆ ನಡುವೆ ಎಲ್ಲೋ ನುಣುಚಿಕೊಂಡುಬಿಡುತ್ತೇನೆ. ಆಗ ಹಲಸೂರಿನ ರಸ್ತೆಬದಿಯಲ್ಲಿ, ಹೊಂಗೆಮರದ ಕೆಳಗೆ ನಿಮ್ಮ ಗ್ಯಾರೇಜು. ನಾನು ವಿಮಾನಪುರದ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಶಿಫ್ಟ್ ಮುಗಿಸಿ ಕಾರಿನ ಕೆಲಸ ಕಲಿಯಲು ನಿಮ್ಮ ಹತ್ತಿರ ಬರುತ್ತಿದ್ದೆ. ಇಂದಿರಾನಗರದ ಸಾಹೇಬರು ತಮ್ಮ ಎರಡು ಸೀಟಿನ ವಿದೇಶಿ ಕಾರನ್ನು ನಿಮ್ಮನ್ನು ಬಿಟ್ಟು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಮನೆಯ ಹಿಂದಿನ ಶೆಡ್ಡನ್ನು ನಿಮ್ಮ ಗ್ಯಾರೇಜಿಗೇ ಬಿಟ್ಟುಕೊಡುವುದಾಗಿ ಮಾತು ಕೊಟ್ಟಿದ್ದರು. ಟಾರ್ಪಾಲಿನ ಕೆಳಗೆ ನೆನೆಯುವ ಕಷ್ಟ ಮುಗಿಯಿತು ಎಂದು ನೀವು ಅತ್ತಿಗೆಗೆ ಹೇಳಿದಾಗ ನಾನೂ ಅಲ್ಲೇ ಇದ್ದೆ.

ನೀವು ಕ್ಲಚ್ಚಿನ ರಬ್ಬರುಗಳನ್ನೆಲ್ಲ ಹೊಸದಾಗಿ ಹಾಕಿ, ಬರುವ ತನಕ ಕಾರು ನೋಡಿಕೊಳ್ಳಲು ನನಗೆ ಹೇಳಿ, ತಂಗಿಯ ಮಗಳ ಮದುವೆಗೆಂದು ವೇಲೂರಿಗೆ ಹೊರಟಿರಿ. "ಕ್ಲಚ್ಚಿನ ಎಣ್ಣೆ ಇಳಿದ್ರೆ ಬ್ರೇಕ್ ಆಯಿಲ್ ಡಬ್ಬಿ ಅಲ್ಲೇ ಇದೆ, ಅದನ್ನೇ ಹಾಕಪ್ಪಾ," ಎಂದಿರಿ. ಅಷ್ಟೇ ತಾನೇ ಮಾಡಬೇಕಾಗಿದ್ದದ್ದು! ಆದರೆ ನನಗೆ ಕೊಬ್ಬು. ವಿಮಾನಕ್ಕೆ ಹಾಕುವ ಕೆಂಪೆಣ್ಣೆಯನ್ನು ಊಟದ ಚೀಲದಲ್ಲಿ ಕದ್ದು ತಂದು, ಇದ್ದ ಎಣ್ಣೆ ಇಳಿಸಿ, ಅದನ್ನೇ ತುಂಬಿದೆ. ಆಕಾಶದಲ್ಲಿ ಹಾರುವುದಕ್ಕೆ ಆಗುವ ಎಣ್ಣೆ ಈ ಕಾರಿಗೆ ಆಗದೇ — ನೀವು ಬಂದು ಪೆಡಲು ಒತ್ತಿ ಬೆರಗಾಗಬೇಕು, ಆಮೇಲೆ ಗುಟ್ಟು ಹೇಳಬೇಕು — ಹೀಗೆಲ್ಲ ಅಂದುಕೊಂಡು... ಥೂ.

ಕೆಲವು ದಿನ ಚೆನ್ನಾಗಿಯೇ ಓಡಿತು. ಆಮೇಲೊಂದು ಭಾನುವಾರ ಹಳೆ ಮದ್ರಾಸ್ ರಸ್ತೆಯಲ್ಲಿ ಒತ್ತಿದ ಪೆಡಲು ಮೇಲೆ ಬರಲಿಲ್ಲ, ಗೇರು ಬೀಳಲಿಲ್ಲ. ಹೊಸ ಅಳಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದ ಸಾಹೇಬರು ಲಾರಿಗಳ ನಡುವೆ ಕಾರು ತಳ್ಳಿಸಬೇಕಾಯಿತು. ನೀವಿನ್ನೂ ವೇಲೂರಿನಲ್ಲೇ ಇದ್ದಿರಿ. ಬಿಚ್ಚಿ ನೋಡಲು ನನ್ನನ್ನು ಕರೆಸಿದರು.

ಗೇರ್‌ಬಾಕ್ಸಿನ ಪಕ್ಕದ ಸಣ್ಣ ಸಿಲಿಂಡರ್ ಬಿಚ್ಚಿದೆ. ನೀವು ಹಾಕಿದ ರಬ್ಬರು ನೆನೆಹಾಕಿದ ಕಡಲೆಯ ಹಾಗೆ ಊದಿಕೊಂಡು ಒಳಗೇ ಸಿಕ್ಕಿಕೊಂಡಿತ್ತು. ನೋಡಿದ ಕೂಡಲೇ ಗೊತ್ತಾಯಿತು — ಬ್ರೇಕ್ ಆಯಿಲ್‌ಗೆಂದೇ ಮಾಡಿದ ರಬ್ಬರನ್ನು ನನ್ನ ಎಣ್ಣೆ ಕೆಡಿಸಿತ್ತು. ಕೆಂಪು ಬಣ್ಣ ಸಾಹೇಬರ ಕಣ್ಣಿಗೆ ಬೀಳುವ ಮೊದಲೇ ಬಟ್ಟೆಯಲ್ಲಿ ಒರೆಸಿಬಿಟ್ಟೆ. ಕಳ್ಳತನ ಹೊರಬಿದ್ದರೆ ನೌಕರಿ ಹೋಗುತ್ತದೆ, ತಲೆಯಲ್ಲಿ ಇದ್ದದ್ದು ಅದೊಂದೇ.

"ಸೆಲ್ವ ಡೂಪ್ಲಿಕೇಟ್ ರಬ್ಬರ್ ಹಾಕಿದ್ನೇನೋ?" ಎಂದರು ಸಾಹೇಬರು.

"ಹಂಗೇ ಕಾಣ್ಸುತ್ತೆ, ಸರ್."

ನನ್ನ ನಾಲಿಗೆ ಬಿದ್ದುಹೋಗಬಾರದಿತ್ತೇ! ಪೈಪು ತೊಳೆದು, ಬೇರೆ ರಬ್ಬರು ಹಾಕಿ, ಬ್ರೇಕ್ ಆಯಿಲ್ ತುಂಬಿ, ಗಾಳಿ ತೆಗೆದು, ಕಾರು ಸರಿಮಾಡಿ ಕೊಟ್ಟು ಬೆನ್ನು ತಟ್ಟಿಸಿಕೊಂಡೆ. ನೀವು ವಾಪಸು ಬಂದಾಗ ಅವರು ಗೇಟಿನೊಳಕ್ಕೂ ಬಿಡಲಿಲ್ಲ. ಶೆಡ್ಡಿನ ಮಾತು ಅಲ್ಲಿಗೇ ಮುಗಿಯಿತು. ಇಂದಿರಾನಗರದ ಗಿರಾಕಿಗಳು ಒಬ್ಬೊಬ್ಬರಾಗಿ ನಿಮ್ಮನ್ನು ಬಿಟ್ಟರು.

ನೀವು ನನ್ನನ್ನೇ ಕೇಳಿದಿರಿ. "ನೀನೇ ಬಿಚ್ಚಿದ್ದಲ್ಲಪ್ಪಾ, ನಿಜ ಹೇಳು — ರಬ್ಬರು ಸರಿಯಿರ್ಲಿಲ್ವಾ?" ಆಗಲಾದರೂ ನಾನು... ಇಲ್ಲ. "ಇರ್ಲಿಲ್ಲ ಅಣ್ಣಾ, ನಿಮಗೂ ಗೊತ್ತಾಗಿಲ್ಲ," ಎಂದೆ. ನೀವು ನಂಬಿದಿರಿ.

ಈಗ ಕೆ.ಆರ್. ಪುರದಲ್ಲಿ ಇನ್ನೊಬ್ಬರ ಗ್ಯಾರೇಜಿನಲ್ಲಿ ದುಡಿಯುತ್ತೀರಿ. ಮೊನ್ನೆ ಬಂದಾಗ ನೋಡಿದೆ. ಒಂದು ಪುಟ್ಟ ರಬ್ಬರನ್ನು ಬೆಳಕಿಗೆ ಹಿಡಿದು, ಹಿಸುಕಿ, ಮೂಸಿ, ಕೊನೆಗೆ ನನ್ನ ಕೈಗಿಟ್ಟಿರಿ. "ಒರಿಜಿನಲ್ ತಾನೇ? ನೀನೊಂದ್ಸಲ ನೋಡಪ್ಪಾ, ನಂಗೆ ಗೊತ್ತಾಗಲ್ಲ." ನನ್ನನ್ನು ಕೇಳಿದಿರಲ್ಲ ಅಣ್ಣಾ — ನನ್ನನ್ನು!

ಅಲ್ಲಿಂದ ನೇರ ಸಾಹೇಬರ ಮನೆಗೆ ಹೋದೆ. ಎಲ್ಲವನ್ನೂ ಹೇಳಿದೆ. ಕಾರು ಮಾರಿ ವರ್ಷಗಳಾಗಿದ್ದವು. ಅವರು ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು, "ಸೆಲ್ವ? ಯಾವ ಸೆಲ್ವ?" ಎಂದರು.

ನಾಳೆ ನಿಮ್ಮ ಗ್ಯಾರೇಜಿಗೆ ಬರುತ್ತೇನೆ. ನಿಮ್ಮ ಓನರ್, ಕೆಲಸದವರು ಎಲ್ಲರೂ ಇರುವಾಗಲೇ ಜೋರಾಗಿ ಹೇಳುತ್ತೇನೆ. ಕ್ಷಮಿಸಿ ಎಂದು ಮಾತ್ರ ಕೇಳುವುದಿಲ್ಲ, ಅಣ್ಣಾ. ನೀವು ಒಳ್ಳೆಯವರು — ಕೇಳಿದರೆ ಕ್ಷಮಿಸಿಬಿಡುತ್ತೀರಿ.