ದೊಡ್ಡವ್ವ ನಡೆದ ಓಟ

ನಿನ್ನೆ ಸಂಜೆ ಹೊಸ ಟೀ ಶರ್ಟಿನ ಕವರು ಹರಿದಾಗ ಮನೆಯೆಲ್ಲ ಅದರ ವಾಸನೆ ಹರಡಿತು. ಎದೆಯ ಮೇಲೆ ದಪ್ಪಗೆ ಅಚ್ಚು ಹಾಕಿದ ಬಣ್ಣದ ವಾಸನೆ ಅದು. ಅರ್ಧ ಸೀಮೆಎಣ್ಣೆ, ಅರ್ಧ ಹೊಸ ರಬ್ಬರು. ಮಂಡ್ಯದಲ್ಲಿ ವರ್ಷಕ್ಕೊಮ್ಮೆ ನಡೆಯುವ ಭಾನುವಾರದ ಓಟಕ್ಕೆ ಹೆಸರು ಕೊಟ್ಟವರಿಗೆಲ್ಲ ಒಂದೊಂದು ಕೊಡುತ್ತಾರೆ. ಯಾವ ಅಳತೆ ಬೇಕೆಂದು ಮೊದಲೇ ಕೇಳಿ ಬರೆದುಕೊಂಡಿರುತ್ತಾರೆ, ಆಮೇಲೆ ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ಹೀಗಾಗಿ ನನ್ನ ಬೀರುವಿನಲ್ಲಿ ನನಗಿಂತ ತುಂಬಾ ದಪ್ಪನೆಯ ಯಾರೋ ಒಬ್ಬನ ಬಟ್ಟೆಗಳು ಮಡಿಸಿಟ್ಟಂತಿವೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದರೆ ಮೂಸಿ ನೋಡಿ. ನನಗಂತೂ ಆ ವಾಸನೆಯ ಹಿಂದೆಯೇ ಒಂದು ಮಾತು ಕೇಳಿಸುತ್ತದೆ: "ಇದೇನ್ಲಾ ಅಂಗಿ? ಲಾರಿ ಟಾರ್ಪಾಲು ನಾತ ಒಡೀತದಲ್ಲಾ!"

ದೊಡ್ಡವ್ವನ ಮಾತು.

ಅವಳ ವಿಷಯಕ್ಕೆ ಬರುವ ಮೊದಲು ನನ್ನದೊಂದು ಚಾಳಿಯನ್ನು ಹೇಳಿಬಿಡುತ್ತೇನೆ. ನಾನು ಡೈರಿ ಬರೆಯುವವನು. ಮನಸ್ಸಿನ ತಳಮಳ ಬರೆದುಕೊಳ್ಳುವ ಜಾತಿಯ ಡೈರಿ ಅಲ್ಲ. ಮಂಡ್ಯದಿಂದ ಮದ್ದೂರಿನ ಕೆಲಸಕ್ಕೆ ಹೋಗುವ ರೈಲು ಎಷ್ಟು ತಡವಾಯಿತು, ಹಾಲಿನವನು ಯಾವತ್ತು ಬರಲಿಲ್ಲ, ಗ್ಯಾಸ್ ಸಿಲಿಂಡರ್ ಯಾವಾಗ ಬದಲಾಯಿಸಿದೆ, ಇಂಥವು. ತಿಂಗಳ ಕೊನೆಗೆ ಮೊತ್ತ ಹಾಕುತ್ತೇನೆ. ಸ್ನೇಹಿತರು ನಗುತ್ತಾರೆ, ಆದರೆ ರೈಲಿನ ಮೊತ್ತ ಎಷ್ಟಾಯಿತೆಂದು ಅವರೇ ಕೇಳುತ್ತಾರೆ.

ಓಟಕ್ಕೆ ಸೇರಿದ ಮೊದಲ ವರ್ಷ ಇನ್ನೊಂದು ಲೆಕ್ಕದ ಹುಚ್ಚು ಹತ್ತಿತು. ಬಹುಮಾನ ಬರುವುದಿಲ್ಲವೆಂದು ಖಂಡಿತವಾಗಿ ಗೊತ್ತಿದ್ದೂ ಇಷ್ಟೊಂದು ಜನ ಭಾನುವಾರದ ನಿದ್ದೆ ಬಿಟ್ಟು ಯಾಕೆ ಬರುತ್ತಾರೆ? ಸಾಲಿನಲ್ಲಿ ಅಕ್ಕಪಕ್ಕ ನಿಂತವರನ್ನೆಲ್ಲ ಕೇಳಿದೆ. ಸಕ್ಕರೆ ಕಾಯಿಲೆ ಅಂದರು. ಹೊಟ್ಟೆ ತೋರಿಸಿದರು. ಆಫೀಸಿನವರೆಲ್ಲ ಬಂದರು, ನಾನೂ ಬಂದೆ ಅಂದರು. ಬೇಕರಿಯವರೊಬ್ಬರು, "ನಾನಿಲ್ದೇ ಇದ್ರೆ ಹುಡುಗ್ರು ಅಂಗಡಿ ಬಾಗ್ಲು ತೆಗೀತಾರಾ ನೋಡವಾ ಅಂತ ಬಂದೆ ಸಾ" ಅಂದರು. ಅದನ್ನು ಯಾವ ಗುಂಪಿಗೆ ಸೇರಿಸುವುದೆಂದು ಒಂದು ಸಂಜೆಯೆಲ್ಲ ಯೋಚಿಸಿ, ಕೊನೆಗೆ 'ಇತರೆ' ಎಂದು ಬರೆದೆ. ಕಾರಣಗಳೆಲ್ಲ ಸಿಕ್ಕಿದವು ಅಂದುಕೊಂಡಿದ್ದೆ. ಮರುವರ್ಷ ದೊಡ್ಡವ್ವ ಬಂದಳು.

ದೊಡ್ಡವ್ವ ಅಂದರೆ ನನ್ನ ಅವ್ವನ ಅಕ್ಕ, ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯವಳು. ಪ್ರತಿ ಶಿವರಾತ್ರಿಗೂ ಊರಿನ ತಂಡದ ಜೊತೆ ಮಾದಪ್ಪನ ಬೆಟ್ಟಕ್ಕೆ ನಡೆದೇ ಹೋಗುತ್ತಿದ್ದಳು. ಕೊಳ್ಳೇಗಾಲ ದಾಟಿ, ಕಾಡಿನ ದಾರಿ ಹಿಡಿದು, ದಿನಗಟ್ಟಲೆಯ ನಡಿಗೆ. ಬೇರೆ ಊರಿನವರದು ನನಗೆ ಗೊತ್ತಿಲ್ಲ, ಅವಳ ತಂಡಕ್ಕೆ ಎರಡು ಕಟ್ಟಳೆಗಳಿದ್ದವು. ಹೊರಡುವಾಗ ಕಾಯಿ ಒಡೆದ ಜಾಗದಲ್ಲೇ ಚಪ್ಪಲಿ ಬಿಡಬೇಕು. ಮತ್ತೆ ಅಲ್ಲಿಗೇ ಬಂದು ಮೆಟ್ಟಿಕೊಳ್ಳುವ ತನಕ ಬರಿಗಾಲು. ದಾರಿಯಲ್ಲಿ ಯಾರಾದರೂ ಸೋತು ಕುಳಿತರೆ ಅವರನ್ನು ಬಿಟ್ಟು ಮುಂದೆ ಹೋಗಬಾರದು. ಅವರು ಏಳುವ ತನಕ ಜೊತೆಯಲ್ಲಿ ಕೂರಬೇಕು. ವಾಪಸು ಬಂದ ಮೇಲೆ ದೊಡ್ಡವ್ವ ದೇವರ ವಿಷಯ ಹೇಳಿದ್ದು ಕಡಿಮೆ. ಯಾರ ಗೊರಕೆಗೆ ಇಡೀ ಛತ್ರ ಎದ್ದು ಕುಳಿತಿತು, ಯಾರು ಬುತ್ತಿಯ ಚಟ್ನಿಪುಡಿಯನ್ನು ಬಚ್ಚಿಟ್ಟುಕೊಂಡು ಸಿಕ್ಕಿಬಿದ್ದರು, ಇವೇ ಕತೆಗಳು. "ಅಷ್ಟು ಜನ್ರ ಜೊತೇಲಿ ನಡೀತಾ ಇದ್ರೆ ಸುಸ್ತು ಯಾರ್ದು ಅಂತಾನೇ ಗೊತ್ತಾಗದಿಲ್ಲ ಕಣ್ಲಾ" ಅನ್ನುತ್ತಿದ್ದಳು.

ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದು ಮಂಡಿಗೆ ಏಟಾಯಿತು. ಆಮೇಲೆ ಬಂದ ಎರಡು ಶಿವರಾತ್ರಿಗೆ ಅವಳ ಮಗ ಮಾದೇಶಣ್ಣ ಅವಳನ್ನು ಬಿಡಲಿಲ್ಲ. ಮೂರನೆಯದು ಹತ್ತಿರ ಬರುತ್ತಿದ್ದಾಗ ನಾನು ಪೂರಿಗಾಲಿಯಲ್ಲಿದ್ದೆ. ಮುದ್ದೆ ಉಪ್ಪೆಸರಿನ ಮುಂದೆ ಅವ್ವ ಮಗನ ಜಗಳ ನಡೆಯಿತು.

"ಕಾಡಲ್ಲಿ ಕುಂತ್ಬುಟ್ರೆ ನಿನ್ನ ಯಾರವ್ವ ಎತ್ಕ ಬರೋರು?"

"ನಾನ್ಯಾಕ್ಲಾ ಕುಂತ್ಕಂಡೇನು?"

"ಹಿತ್ಲಿಗೆ ಹೋಗ್ಬರದ್ರೊಳ್ಗೆ ಎರಡ್ ಸಲ ಕುಂತ್ಕತೀಯಲ್ಲ."

"ಅದು ಎಲೆಅಡಿಕೆ ಹಾಕಳಕ್ಕೆ ಕಣ್ಲಾ, ಮುಚ್ಚು ಬಾಯ."

ಜಗಳದ ನಡುವೆ ಬಾಯಿ ಹಾಕುವುದು ನೆಂಟರ ಧರ್ಮ. ನಾನು ಮಂಡ್ಯದ ಓಟದ ಬಡಾಯಿ ಕೊಚ್ಚಿಕೊಂಡೆ. ಐದು ಕಿಲೋಮೀಟರ್, ಒಳ್ಳೆಯ ಟಾರು ರಸ್ತೆ, ನಡೆದರೂ ಯಾರೂ ಬೇಡ ಅನ್ನುವುದಿಲ್ಲ, ಹಿಂದೆ ಆಂಬುಲೆನ್ಸ್ ಬೇರೆ ಬರುತ್ತದೆ. ಮಾದೇಶಣ್ಣ ತುತ್ತು ಮುರಿಯುವುದನ್ನು ನಿಲ್ಲಿಸಿದ.

"ಹಂಗಾರೆ ಅದ್ರಲ್ಲಿ ನಡೀಲಿ. ಎಲ್ಲೂ ಕುಂತ್ಕಳ್ದೆ ಮುಗಿಸ್ಬುಡ್ಲಿ, ಬೆಟ್ಟಕ್ಕೆ ನಾನೇ ಕಳಿಸ್ಕೊಡ್ತೀನಿ."

ದೊಡ್ಡವ್ವ ಎಂಜಲು ಕೈಯಲ್ಲೇ ಎದ್ದು ನನ್ನ ಮುಂದೆ ಬಂದು ನಿಂತಳು. "ಬರ್ಕಳ್ಲಾ ನನ್ನೆಸ್ರ."

ಓಟದ ದಿನ ಕ್ರೀಡಾಂಗಣದ ಮುಂದೆ ಜನವೋ ಜನ. ಸೀರೆಯ ಮೇಲೆ ಟೀ ಶರ್ಟು ತೊಟ್ಟು, ಎದೆಗೆ ನಂಬರು ಚುಚ್ಚಿಸಿಕೊಂಡು ದೊಡ್ಡವ್ವ ಸುತ್ತ ನೋಡಿದಳು. "ಬಂಡೂರು ಕುರಿ ಸಂತೆಗೆ ಒಡ್ಕಂಡು ಬಂದಂಗೆ ಅದೆ ಕಣ್ಲಾ. ಬಣ್ಣ ಬಳ್ಯದೊಂದು ಬಾಕಿ." ಅವಳು ಹಾಗಂದರೂ ಕಣ್ಣುಗಳು ಹೊಳೆಯುತ್ತಿದ್ದವು. ಎರಡು ವರ್ಷದಿಂದ ಅವಳು ಅಷ್ಟು ಜನರ ನಡುವೆ ನಿಂತಿರಲಿಲ್ಲ.

ಓಟ ಶುರುವಾಗುವ ಮುನ್ನ ಸಂಘಟಕರು ಗಾಳಿ ತುಂಬಿದ ಕಮಾನಿನ ಮುಂದೆ ಕರ್ಪೂರ ಹಚ್ಚಿ ಕಾಯಿ ಒಡೆದರು. ಇನ್ನು ಹೇಳುವುದೇನಿದೆ! ಕಾಯಿ ಒಡೆದ ಸದ್ದು ಕೇಳಿದ್ದೇ ದೊಡ್ಡವ್ವ ಚಪ್ಪಲಿ ಬಿಟ್ಟು ಕೈ ಮುಗಿದಳು. ವಯಸ್ಸಾದ ಹೆಂಗಸೇ ಬಿಟ್ಟಳಲ್ಲ ಎಂದು ಅಕ್ಕಪಕ್ಕದ ಹೆಂಗಸರೂ ಬಿಟ್ಟರು. ಪೂಜೆ ಮುಗಿದ ಮೇಲೆ ಹಾಕಿಕೊಳ್ಳೋಣ ಎಂದು ಅವರ ಎಣಿಕೆ. ಅಷ್ಟರಲ್ಲಿ ಸೀಟಿ ಊದಿದರು, ಹಿಂದಿನ ಜನ ತಳ್ಳಿತು, ಎಲ್ಲರೂ ಮುಂದೆ ಸಾಗಿದರು. ಓಟ ಮುಗಿಯುವುದು ಊರಿನ ಇನ್ನೊಂದು ತುದಿಯ ಕಾಲೇಜು ಮೈದಾನದಲ್ಲಿ ಅನ್ನುವುದು ಒಬ್ಬರಿಗೂ ನೆನಪಿಗೆ ಬರಲಿಲ್ಲ.

ಬರಿಗಾಲಲ್ಲಿ ದೊಡ್ಡವ್ವ ಚೆನ್ನಾಗಿಯೇ ನಡೆದಳು. ನಾನು ಸಮಯ ನೋಡಿಕೊಳ್ಳುವುದನ್ನು ಬಿಟ್ಟು ಅವಳ ಪಕ್ಕ ಹೆಜ್ಜೆ ಹಾಕಿದೆ. ಓಡುವವರೆಲ್ಲ ಮುಂದೆ ಹೋಗಿ ರಸ್ತೆ ಬಿಡುವಾಯಿತು. ಅವಳು ಹಿಂತಿರುಗಿ ನೋಡಿದಳು.

"ಅದ್ಯಾವನ್ಲಾ, ಆಗ್ಲಿಂದ ವ್ಯಾನ್ ತಗಂಡು ನಮ್ಮಿಂದೇನೇ ಬತ್ತಾವ್ನೆ?"

"ಆಂಬುಲೆನ್ಸು ದೊಡ್ಡವ್ವ. ಯಾರಾದ್ರೂ ಬಿದ್ರೆ ಅಂತ."

"ಬೀಳ್ಲಿ ಅಂತ ಕಾಯ್ಕ ಬತ್ತಾವ್ನಾ? ಅವ್ನ ಮನೆ ಕಾಯ್ವೋಗ!"

ಅರ್ಧಕ್ಕಿಂತ ಹೆಚ್ಚು ದಾರಿ ಕಳೆದಿತ್ತು. ರಸ್ತೆ ಬದಿಯ ಕಟ್ಟೆಯ ಮೇಲೆ ಒಬ್ಬ ಹೆಂಗಸು ಮೀನಖಂಡ ಹಿಡಿದುಕೊಂಡು ಕುಳಿತಿದ್ದರು. ಕನ್ನಡಕ, ಇಸ್ತ್ರಿ ಮಾಡಿದ ಚೂಡಿದಾರ. ನೋಡಿದರೇ ಟೀಚರ್ ಅನ್ನಬಹುದು, ಟೀಚರೇ ಆಗಿದ್ದರು. ಒಂಟಿಯಾಗಿ ಬಂದಿದ್ದರು. ದೊಡ್ಡವ್ವ ನಿಂತಳು. ಅವಳ ಕಾಲು ನಿಂತ ರೀತಿಯಲ್ಲೇ ನನಗೆ ಮುಂದಿನದು ಹೊಳೆಯಿತು.

"ಕುಂತ್ಕಬ್ಯಾಡ ದೊಡ್ಡವ್ವ. ನಿಂತ್ಕಂಡೇ ಮಾತಾಡ್ಸು. ಮಾದೇಶಣ್ಣ ಹೇಳಿರದು ಗ್ಯಾಪ್ಕ ಅದೆ ತಾನೆ?"

ಅವಳು ನನ್ನನ್ನು ನೋಡಿದಳು, ಮುಂದಿನ ದಾರಿಯನ್ನೂ ನೋಡಿದಳು. "ನಿಂತಿರೋಳು ಕುಂತಿರೋರ್ಗೆ ಏನ್ಲಾ ಸಮಾಧಾನ ಹೇಳಕ್ಕಾಯ್ತದೆ?" ಅಂದು, ಮಂಡಿ ಒತ್ತಿಕೊಂಡು, ನಿಧಾನಕ್ಕೆ ಟೀಚರಮ್ಮನ ಪಕ್ಕದಲ್ಲಿ ಕುಳಿತಳು.

ಅವರ ಕಾಲು ನೀವುತ್ತ ಮಾತಿಗೆ ಎಳೆದಳು. "ನಮ್ಮನೆಯವರು ದಿನಾ ಐದು ಗಂಟೆಗೆ ವಾಕಿಂಗ್ ಹೋಗೋರು, ಅಮ್ಮ. ಈಗ ಅವರಿಲ್ಲ. ನನಗೆ ಮಾತ್ರ ಐದು ಗಂಟೆಗೆ ಎಚ್ಚರ ಆಗ್ಬಿಡುತ್ತೆ" ಎಂದರು ಟೀಚರಮ್ಮ. ದೊಡ್ಡವ್ವ "ಊಂ" ಅಂದಳು. ನೀವುವುದನ್ನು ನಿಲ್ಲಿಸಲಿಲ್ಲ. ಆಂಬುಲೆನ್ಸಿನವನು ಇಳಿದು ಬಂದು ವಿಚಾರಿಸಿದ. ಅವನಿಗೆ ಎಲೆಅಡಿಕೆ ಕೊಟ್ಟು ಕಳಿಸಿದಳು. ಟೀಚರಮ್ಮನ ಕಾಲು ಸರಿಹೋಯಿತು, ಅವರು ಎದ್ದರು. ದೊಡ್ಡವ್ವನಿಗೆ ಏಳಲಾಗಲಿಲ್ಲ. ನಾನೊಂದು ರಟ್ಟೆ, ಟೀಚರಮ್ಮ ಒಂದು ರಟ್ಟೆ ಹಿಡಿದು ಎಬ್ಬಿಸಬೇಕಾಯಿತು.

ನಾವು ಮೂವರೂ ಮೈದಾನ ಮುಟ್ಟಿದಾಗ ಮುಗಿಯುವ ಗೆರೆಯ ಕಮಾನಿನ ಗಾಳಿ ಬಿಟ್ಟು ಇಬ್ಬರು ಅದನ್ನು ಹಾಸಿಗೆಯಂತೆ ಮಡಿಸುತ್ತಿದ್ದರು. ದೊಡ್ಡವ್ವ ಸೀರೆ ಎತ್ತಿ ಹಿಡಿದು, ಅದನ್ನು ತುಳಿಯದೆ ಬಳಸಿಕೊಂಡು ಬಂದಳು. ಮಾದೇಶಣ್ಣ ಕಾಯುತ್ತಿದ್ದ.

"ಕುಂತ್ಯಾ?"

ನಾನು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು. "ಕುಂತೆ ಕಣಪ್ಪ. ಈ ಟೀಚರಮ್ಮ ಕುಂತಿದ್ರು, ನಾನೂ ಕುಂತೆ."

ಮಾದೇಶಣ್ಣ ಅವಳ ಕಾಲು ನೋಡಿದ. ಸುತ್ತ ಇನ್ನಷ್ಟು ಹೆಂಗಸರು ಬರಿಗಾಲಲ್ಲಿ ನಿಂತಿದ್ದರು, ಬಿಸಿಲಿಗೆ ಒಂದೊಂದೇ ಕಾಲು ಎತ್ತಿಡುತ್ತ. ಅವನು ಆಟೋ ಹತ್ತಿ ಕ್ರೀಡಾಂಗಣಕ್ಕೆ ಹೋಗಿ, ಗೊಬ್ಬರದ ಚೀಲದ ತುಂಬ ಚಪ್ಪಲಿ ತಂದು ಮೈದಾನದಲ್ಲಿ ಸುರಿದ. ನಗುವೋ ನಗು. "ಇದು ನಂದಲ್ಲ ಕಣಮ್ಮ, ಆದ್ರೂ ನಂದಕ್ಕಿಂತ ಚೆನ್ನಾಗದೆ" ಅಂದರು ಯಾರೋ. ಆ ಗಲಾಟೆಯೊಳಗೆ ಮಾದೇಶಣ್ಣ ಕುಕ್ಕರಗಾಲಲ್ಲಿ ಕುಳಿತು ಅವ್ವನ ಕಾಲಿಗೆ ಚಪ್ಪಲಿ ಮೆಟ್ಟಿಸುತ್ತ, ತಲೆ ಎತ್ತದೆ ಹೇಳಿದ. "ಬ್ಯಾಡ ಕಣವ್ವ ಬೆಟ್ಟ. ಇವತ್ತು ಕುಂತೆ ಅಂತಲ್ಲ. ದಾರೀಲಿ ಯಾರ್ ಕುಂತ್ರೂ ನೀನು ಕುಂತ್ಕತೀಯ. ಕಾಡಲ್ಲಿ ಏಳಕ್ಕಾಗ್ದೇ ಹೋದ್ರೆ?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಬೆಟ್ಟದ ದಾರಿಯ ಕಟ್ಟಳೆಯನ್ನು ಪಾಲಿಸಿಯೇ ಅವಳು ಬೆಟ್ಟವನ್ನು ಕಳೆದುಕೊಂಡಿದ್ದಳು.

"ಆಯ್ತು ಬುಡಪ್ಪ" ಅಂದಳು ದೊಡ್ಡವ್ವ. ಬೈದಿದ್ದರೆ ಚೆನ್ನಾಗಿತ್ತು ಎಂದು ನನಗನ್ನಿಸಿತು. ಮಾದೇಶಣ್ಣನಿಗೂ ಅನ್ನಿಸಿರಬೇಕು.

ಆ ಸಲ ತಂಡ ಹೊರಟ ದಿನ ನಾನು ರಜೆ ಹಾಕಿ ಪೂರಿಗಾಲಿಗೆ ಹೋದೆ. ದೊಡ್ಡವ್ವ ಅವರ ಜೊತೆ ನಾಲೆಯ ಸೇತುವೆಯ ತನಕ ನಡೆದಳು, ಚಪ್ಪಲಿ ಮೆಟ್ಟಿಕೊಂಡೇ. ಎಲ್ಲರ ಗಂಟುಮೂಟೆಯನ್ನೂ ಮುಟ್ಟಿ ನೋಡಿ, ಕಟ್ಟು ಸಡಿಲವಾಗಿದ್ದವರದ್ದನ್ನು ಬಿಗಿ ಮಾಡಿದಳು. ಅವರು ಕಬ್ಬಿನ ಗದ್ದೆಗಳ ನಡುವಿನ ರಸ್ತೆಯಲ್ಲಿ ಮರೆಯಾದರು. ಉಘೇ ಮಾದಪ್ಪ ಅನ್ನುವ ಕೂಗು ಸ್ವಲ್ಪ ಹೊತ್ತು ಬರುತ್ತಿತ್ತು, ಆಮೇಲೆ ಅದೂ ನಿಂತಿತು. ನಾನು "ಹೋಗವಾ ದೊಡ್ಡವ್ವ" ಅಂದೆ.

"ತಡಿಲಾ. ಇನ್ನೂ ಕೇಳ್ತಾ ಅದೆ."

ನನಗೆ ಏನೂ ಕೇಳಿಸುತ್ತಿರಲಿಲ್ಲ. ಅವಳು ಸೇತುವೆಯ ಗೋಡೆಗೆ ಕೈ ಊರಿ ನಿಂತೇ ಇದ್ದಳು. ಮನೆಗೆ ಹಿಂತಿರುಗುವಾಗ ಅರ್ಧ ದಾರಿಯಲ್ಲಿ ಕೇಳಿದಳು: "ನಿಮ್ ಮಂಡ್ಯದ್ದು ಮುಂದಿನ್ ವರ್ಸಾನೂ ಅದ್ಯಾ?"

ಇತ್ತು. ಅವಳು ಬಂದಳು. ಅದರ ಮುಂದಿನ ವರ್ಷವೂ ಬಂದಳು. ಈಗ ಯಾವ ಷರತ್ತೂ ಇರಲಿಲ್ಲ, ಬೆಟ್ಟದ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಟೀಚರಮ್ಮ ಅವಳಿಗಾಗಿ ಕಾಯುತ್ತಿದ್ದರು. ಇಬ್ಬರೂ ಬೇಕೆಂದಲ್ಲಿ ಕುಳಿತು, ಮಾತಾಡಿ, ನಾನು ಎಬ್ಬಿಸಿದಾಗ ಏಳುತ್ತಿದ್ದರು, ಮೂವರೂ ಎಲ್ಲರಿಗಿಂತ ಕೊನೆಯಲ್ಲಿ ಬರುತ್ತಿದ್ದೆವು. ನನ್ನ ಕಾರಣಗಳ ಲೆಕ್ಕವನ್ನು ಆಗಲೇ ನಿಲ್ಲಿಸಿದ್ದೆ. ಸಕ್ಕರೆ ಕಾಯಿಲೆ ಎಂದವರು ಸುಳ್ಳು ಹೇಳಿದ್ದರು ಅಂತಲ್ಲ. ಆದರೆ ಅಪರಿಚಿತನೊಬ್ಬ ಪೆನ್ನು ಹಿಡಿದು ಕೇಳಿದರೆ ಯಾರು ತಾನೇ ಹೇಳುತ್ತಾರೆ, ನಾನು ಹೋಗಬೇಕಿದ್ದ ದಾರಿ ಬೇರೆ, ಅಲ್ಲಿಗೆ ಇನ್ನು ಹೋಗಲಾರೆ, ಅದಕ್ಕೇ ಇಲ್ಲಿಗೆ ಬಂದೆ ಎಂದು? ಅದು ಅವರಿಗೇ ಗೊತ್ತಿರುತ್ತದೋ ಇಲ್ಲವೋ. ಹೆಗಲಿಗೆ ಹೆಗಲು ತಾಗುವಷ್ಟು ಜನರ ನಡುವೆ, ಎಲ್ಲರೂ ಒಂದೇ ಕಡೆಗೆ ಮುಖ ಮಾಡಿ ಹೆಜ್ಜೆ ಎತ್ತಿದಾಗ, ಸ್ವಲ್ಪ ದೂರ ಆ ಇನ್ನೊಂದು ದಾರಿಯಲ್ಲೂ ನಡೆದಂತೆ ಆಗುತ್ತದೆ.

ಈ ವರ್ಷ ದೊಡ್ಡವ್ವನ ಮಂಡಿ ಪೂರಾ ಕೈಕೊಟ್ಟಿದೆ. ಹೊಸಿಲು ದಾಟಲೂ ಮಾದೇಶಣ್ಣನ ತೋಳು ಬೇಕು. ಇವತ್ತು ಬೆಳಿಗ್ಗೆ ನಾನೂ ಟೀಚರಮ್ಮನೂ ಸಾಲಿನಲ್ಲಿ ನಿಂತಿದ್ದಾಗ ಫೋನ್ ಬಂತು.

"ಜನ ಬಂದವ್ರಾ?"

"ಬೇಕಾದಷ್ಟು ಬಂದವ್ರೆ ದೊಡ್ಡವ್ವ."

"ಫೋನ್ ಮಡಗ್ಬ್ಯಾಡ. ಹಂಗೇ ಕೈಯಲ್ಲಿ ಹಿಡ್ಕ. ಕೆಳಗೆ ಹಿಡ್ಕ, ಕಾಲ್ತವ. ನೀನೇನೂ ಮಾತಾಡ್ಬ್ಯಾಡ."

ಸೀಟಿ ಊದಿದರು. ನಾನು ಫೋನನ್ನು ಮಂಡಿಯ ಹತ್ತಿರ ಇಳಿಬಿಟ್ಟುಕೊಂಡು ನಡೆದೆ. ಶೂಗಳು, ಚಪ್ಪಲಿಗಳು, ಎಲ್ಲೋ ಒಂದು ಕಾಲ್ಗೆಜ್ಜೆ, ಸುತ್ತ ಸಾವಿರ ಸದ್ದು. ಹುಡುಗರ ಗುಂಪೊಂದು ನುಗ್ಗಿಕೊಂಡು ಮುಂದೆ ಹೋಯಿತು. ಹಳೆಯ ಅಭ್ಯಾಸ, ನನ್ನ ಕಾಲೂ ತನ್ನಷ್ಟಕ್ಕೆ ಬಿರುಸಾಯಿತು. ಕರೆ ತುಂಡಾಯಿತೇನೋ ಎಂದು ಫೋನನ್ನು ಕಿವಿಗೆ ಹಿಡಿದೆ. ಅತ್ತ ಕಡೆ ಅವಳ ಉಸಿರು ಏರಿಳಿಯುತ್ತಿತ್ತು.

"ನಿದಾನ ಕಣ್ಲಾ" ಅಂದಳು ದೊಡ್ಡವ್ವ. "ನಾನೂ ಬತ್ತಾವ್ನಿ."