ಯಂತ್ರಕ್ಕೆ ‘ತೆಗೆ’ ತಿಳಿಸಿಕೊಟ್ಟ ವಿನೋದಾ

ಬೆಳಗಿನ ಐದೂವರೆ. ವೆಸ್ಟ್ ಮಾಂಬಲಂನ ಎರಡನೇ ಮಹಡಿಯ ಫ್ಲ್ಯಾಟಿನಲ್ಲಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಆರುತ್ತಿರುವ ಕಾಫಿ. ಐವತ್ತಮೂರರ ವಿನೋದಾ ಒಂದೊಂದೇ ವಾಕ್ಯ ಟೈಪ್ ಮಾಡಿ, ಉಸಿರು ಬಿಗಿಹಿಡಿದು ಪರದೆ ನೋಡುತ್ತಾರೆ. ಇವತ್ತು ನೂರನಲವತ್ತು ವಾಕ್ಯಗಳ ಪರೀಕ್ಷೆ. ಅವರು ಬರೆದ ಒಂದು ಸಾಲು ಉಳಿಯುತ್ತದೋ ಹೋಗುತ್ತದೋ ಎಂಬುದು ಹತ್ತು ಗಂಟೆಯೊಳಗೆ ಗೊತ್ತಾಗಬೇಕು.

ನುಂಗಂಬಾಕ್ಕಂನ ಪುಟ್ಟ ಕಂಪನಿಯೊಂದು ವೆಬ್‌ಸೈಟುಗಳ ಮೆನು, ಅಂದರೆ ಪುಟದ ನೆತ್ತಿಯ ಮೇಲಿರುವ ಆ ಕೊಂಡಿಗಳ ಸಾಲನ್ನು, ಸೇರಿಸಿ ಅಳಿಸಿ ಜೋಡಿಸುವ ಸಾಧನ ಮಾಡಿದೆ. ಅದನ್ನು ಈಗ ಬಳಸುವುದು ಮನುಷ್ಯರಲ್ಲ, ಎಐ ಏಜೆಂಟ್‌ಗಳು. ಸೈಟಿನ ಯಜಮಾನರು ಮಾತಿನಲ್ಲಿ ಹೇಳಿದರೆ ಸಾಕು, ಅವೇ ಒಳಗೆ ಹೊಕ್ಕು ಕೆಲಸ ಮುಗಿಸುತ್ತವೆ. ಆ ಏಜೆಂಟ್‌ಗಳು ಓದಿಕೊಳ್ಳುವ ಕೈಪಿಡಿ ಬರೆಯುವವರು ವಿನೋದಾ. ಅತ್ತೆ ವೆಂಕಟಲಕ್ಷ್ಮಿಯವರಂತೂ ‘ನಮ್ಮ ವಿನೋದಾ ಹೋಟೆಲಿಗೆ ಮೆನು ಬರೀತಾಳೆ’ ಎಂದು ಓಣಿಗೆಲ್ಲ ಹೇಳಿಬಿಟ್ಟಿದ್ದಾರೆ. ತಿದ್ದಿ ತಿದ್ದಿ ಸಾಕಾಗಿ ಸೊಸೆ ಸುಮ್ಮನಾಗಿದ್ದಾರೆ.

ಇದಕ್ಕೆ ಮುಂಚೆ ಇಪ್ಪತ್ತನಾಲ್ಕು ವರ್ಷ ವಿಮಾ ಕಚೇರಿಯ ಕೌಂಟರಿನಲ್ಲಿ ಕೂತು ಅರ್ಜಿ ತುಂಬುವುದನ್ನು ಜನರಿಗೆ ವಿವರಿಸಿದವರು ಅವರು. “ಅರ್ಥ ಆಗ್ಲಿಲ್ಲ ಅಂದ್ರೆ ಮನುಷ್ಯರ ಮುಖ ನೋಡಿದ್ರೇ ಗೊತ್ತಾಗತ್ತೆ. ಇದಕ್ಕೆ ಮುಖಾನೇ ಇಲ್ಲ ನೋಡಿ. ಬರೆದದ್ದನ್ನ ಬರೆದ ಹಾಗೇ ಮಾಡ್ಬಿಡತ್ತೆ” ಎನ್ನುತ್ತಾರೆ.

ಹೋದ ತಿಂಗಳು ಆದದ್ದೂ ಅದೇ. ಪುರಸೈವಾಕ್ಕಂನ ಭೋಜರಾಜ ಅವರದ್ದು ಆಮ್ಲಜನಕದ ಸಿಲಿಂಡರುಗಳನ್ನು ಉಚಿತವಾಗಿ ಎರವಲು ಕೊಡುವ ಟ್ರಸ್ಟ್. ಅದರ ಸೈಟಿನಲ್ಲಿದ್ದ ಫೋನ್ ನಂಬರ್ ತಿದ್ದಬೇಕೆಂದು ಅವರು ಏಜೆಂಟ್‌ಗೆ ‘ತುರ್ತು ಸಹಾಯ ಮೆನು ತೆಗೆ’ ಎಂದು ಬರೆದರು. ತೆರೆದು ತೋರಿಸು ಎಂಬುದು ಅವರ ಲೆಕ್ಕ. ಏಜೆಂಟ್ ಅದನ್ನು ಅಳಿಸಿ, ‘ಕೆಲಸ ಮುಗಿಯಿತು’ ಎಂದಿತು. ನಾಲ್ಕು ಗಂಟೆ ಯಾರೂ ಗಮನಿಸಲಿಲ್ಲ. ತಂದೆಗೆ ಉಸಿರು ಕಟ್ಟುತ್ತಿದ್ದ ಹೆಂಗಸೊಬ್ಬಳು ಸೈಟಿನಲ್ಲಿ ನಂಬರ್ ಸಿಗದೆ, ಆಟೋ ಹಿಡಿದು ಟ್ರಸ್ಟಿನ ಬಾಗಿಲಿಗೇ ಓಡಿ ಬಂದಳು.

“ಜೀವ ಉಳೀತು, ಸರಿ. ಉಳೀದೇ ಇದ್ದಿದ್ರೆ?” ವಿನೋದಾ ಕಣ್ಣು ಒರೆಸಿಕೊಳ್ಳುತ್ತಾರೆ.

ಎಲ್ಲರೂ ಯಂತ್ರವನ್ನು ಬೈದರು. ವಿನೋದಾ ಮಾತ್ರ ಎರಡು ದಿನ ಕೈಪಿಡಿಯನ್ನು ಜಾಲಾಡಿದರು, ತಪ್ಪು ಕಾಣಲಿಲ್ಲ. ಮೂರನೇ ದಿನ ಗುಡಿಯಿಂದ ಬಂದ ಅತ್ತೆ ಹೊರಗಿನಿಂದ ಕೂಗಿದರು: “ಬಾಗಿಲು ತೆಗಿಯೇ ವಿನೋದಾ, ಎಷ್ಟು ಹೊತ್ತು ನಿಲ್ಲಲಿ?” ಚಿಲಕಕ್ಕೆ ಹೋದ ಕೈ ಅಲ್ಲೇ ನಿಂತಿತು.

“ಕಚೇರಿಯಲ್ಲಿ ಪಾಲಿಸಿಯಿಂದ ಹೆಸರು ತೆಗೆ ಅಂದ್ರೆ ಹೊಡೆದುಹಾಕು ಅಂತ. ಅದೇ ತಲೇಲಿ ಕೂತಿತ್ತು. ಕೈಪಿಡೀಲಿ ‘ತೆಗೆ’ ಎದುರಿಗೆ ‘ಅಳಿಸು’ ಅಂತ ಬರೆದವಳು ನಾನೇ. ಮನೇಲಿ ದಿನಕ್ಕೆ ಹತ್ತು ಸಲ ಬಾಗಿಲು ತೆಗೆ, ಕಿಟಕಿ ತೆಗೆ ಅಂತೀನಿ, ಅಯ್ಯೋ ರಾಮಾ!”

ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಅವತ್ತೇ ಕಂಪನಿಯ ಮುಖ್ಯಸ್ಥ ಮುರಳೀಧರ ಅವರೆದುರು ಹೋಗಿ ಒಪ್ಪಿಕೊಂಡರು. ಹೊಸ ಸಾಲೂ ಬರೆದರು: ‘ತೆಗೆ ಎಂದರೆ ತೆರೆಯುವುದೂ ಆಗಬಹುದು, ಅಳಿಸುವುದೂ ಆಗಬಹುದು. ಖಚಿತವಿಲ್ಲದಿದ್ದರೆ ಏನೂ ಮಾಡಬೇಡ, ಕೇಳು.’

ಮುರಳೀಧರ ತಲೆ ಕೆರೆದುಕೊಂಡರು. “ಮೇಡಂ, ಕೇಳದೇ ಮಾಡತ್ತೆ ಅಂತಾನೇ ಅಲ್ವಾ ನಾವು ಮಾರೋದು? ಸುಮ್ಮಸುಮ್ಮನೆ ಕೇಳ್ತಾ ಕೂತ್ರೆ ಗಿರಾಕಿ ಓಡಿಹೋಗ್ತಾನೆ.” ಕೊನೆಗೆ ಒಂದು ಷರತ್ತು ಹಾಕಿದರು. ಏಜೆಂಟ್‌ಗೆ ಕೊಡುವ ನೂರನಲವತ್ತು ವಾಕ್ಯಗಳಲ್ಲಿ ಬೇಡದ ಪ್ರಶ್ನೆ ಹತ್ತು ದಾಟಿದರೆ ಆ ಸಾಲು ಕಿತ್ತುಹಾಕುವುದು.

ಒಂಬತ್ತೂವರೆಗೆ ಪರೀಕ್ಷೆ ಮುಗಿಯುತ್ತದೆ. ‘ಹಳೇ ಪುಟ ತೆಗೆದು ಬಿಸಾಕು’ ಎಂದರೂ ಆ ಬಡಪಾಯಿ ಏಜೆಂಟ್ ‘ತೆರೆಯಲೇ, ಅಳಿಸಲೇ?’ ಎಂದು ಕೇಳಿದೆ. ವಿನೋದಾ ಮೂರು ಸಲ ಎಣಿಸುತ್ತಾರೆ. ಬೇಡದ ಪ್ರಶ್ನೆಗಳು ಹನ್ನೊಂದು. ಒಂದನ್ನು ಮುಚ್ಚಿಟ್ಟರೆ ಕೇಳುವವರಿಲ್ಲ. ಅವರು ಫೋನ್ ಎತ್ತುತ್ತಾರೆ.

“ಹನ್ನೊಂದು, ಸಾರ್.”

ಆ ಕಡೆಯಿಂದ ಮುರಳೀಧರ, ಗಿರಾಕಿಯನ್ನೇ ಕೇಳಿಬಿಡೋಣವೆಂದು ಭೋಜರಾಜರನ್ನೂ ಕರೆಗೆ ಸೇರಿಸಿಕೊಳ್ಳುತ್ತಾರೆ. ಯಂತ್ರ ಹೀಗೆ ಪ್ರಶ್ನೆ ಕೇಳಿದರೆ ನಿಮಗೆ ಕಿರಿಕಿರಿಯೇ ಎನ್ನುತ್ತಾರೆ. ಭೋಜರಾಜರದ್ದು ದೊಡ್ಡ ಗಂಟಲು, ಹಾಲ್‌ನಲ್ಲಿ ಕೂತವರಿಗೂ ಕೇಳಿಸುತ್ತದೆ: “ಕೇಳ್ಲಿ ಸ್ವಾಮಿ, ನೂರು ಸಲ ಕೇಳ್ಲಿ! ಆ ಹೆಣ್ಣುಮಗಳು ಅಳ್ತಾ ಬಂದು ನಿಂತದ್ದು ನಾನು ನೋಡಿದೀನಿ.”

ಸಾಲು ಉಳಿಯುತ್ತದೆ. ವಿನೋದಾ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಮುಗಿಸುತ್ತಾರೆ. ಕೈಪಿಡಿಯಲ್ಲಿ ನಿಮ್ಮ ಹೆಸರು ಎಲ್ಲೂ ಇಲ್ಲವಲ್ಲ ಎಂದರೆ ನಗುತ್ತಾರೆ.

“ಓದೋರಲ್ಲಿ ಮನುಷ್ಯರೇ ಇಲ್ಲ, ಹೆಸರು ಯಾರಿಗೆ ಬೇಕು, ಬಿಡಿ. ಗೊತ್ತಿಲ್ಲದಾಗ ಕೇಳೋದು ಅವಮಾನ ಅಲ್ಲ ಅಂತ ಅದಕ್ಕೆ ಕಲಿಸಿದೆನಲ್ಲ, ನನಗೆ ಅಷ್ಟು ಸಾಕು.”