ಮರಿಗೆ ಕೊಟ್ಟ ಗಿಣ್ಣಾಲು

ನಿಮ್ಮಲ್ಲಿ ಹಿರಿಯವಳು ಹುಟ್ಟಿದ ದಿನ ನಾನು ತೀರಾ ದಣಿದಿದ್ದೆ. ಕುರಿಗಳು ಈಯುವ ಕಾಲ ಅದು. ರಾಮಸಮುದ್ರದ ಹಟ್ಟಿಯಲ್ಲಿ ನಸುಕಿನಿಂದ ಮರಿಗಳನ್ನು ಹಿಡಿದು ಕೂತು, ಹಾಗೇ ಎದ್ದು ಬಸ್ಸು ಹತ್ತಿ ಯಾದಗಿರಿಯ ಆಸ್ಪತ್ರೆಗೆ ಹೋಗಿದ್ದೆ. ಸೀರೆಯಲ್ಲಿ ಹಟ್ಟಿಯ ವಾಸನೆ ಇನ್ನೂ ಇತ್ತು. ಹೆರಿಗೆ ಸುಸೂತ್ರವಾಗಿತ್ತು. ನನ್ನ ಮಗಳ, ಅಂದರೆ ನಿಮ್ಮವ್ವನ, ಪಕ್ಕದಲ್ಲಿ ಕೂಸು ಹಸಿದು ಅಳುತ್ತಿತ್ತು.

ಬಾಣಂತಿಯ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು ನಮ್ಮ ಮನೆಯ ರೂಢಿ. ಅದು ಕೆಟ್ಟ ಹಾಲು, ಕೂಸಿಗೆ ಅರಗುವುದಿಲ್ಲ ಎನ್ನುತ್ತಿದ್ದರು. ಬಿಳಿ ಹಾಲು ಬರುವ ತನಕ ಸಕ್ಕರೆ ನೀರೇ ಗತಿ. ಹಟ್ಟಿಯಿಂದ ನನ್ನ ಜೊತೆಗೇ ಬಂದಿದ್ದ ನನ್ನ ಗಂಡನ ಅಕ್ಕ, ನೀವು ದೊಡ್ಡಜ್ಜಿ ಎನ್ನುವವರು, ಬಟ್ಟಲಲ್ಲಿ ಅದನ್ನು ಕಲಸಿ, ಅರಳೆ ಅದ್ದಿಕೊಂಡು ನಿಂತಿದ್ದರು. ನಿಮ್ಮಜ್ಜ ತೀರಿಕೊಂಡ ಮೇಲೆ ಮನೆಯಲ್ಲಿ ಅವರ ಮಾತೇ ಮಾತು.

ನರ್ಸ್ ಬಂದು ತಡೆದಳು.

“ಬ್ಯಾಡ್ರಿ ಅಮ್ಮಾ. ಆ ಹಳದಿ ಹಾಲಿನ್ಯಾಗ ರೋಗದ ಕೂಡ ಹೊಡದಾಡೋ ಪ್ರೊಟೀನ್ ಇರ್ತಾವ. ಒಂದು ಪ್ರೊಟೀನು, ಕ್ರಿಮಿಗೆ ಬೇಕಾದ ಕಬ್ಬಿಣದಂಶ ತಾನ ಹಿಡಕೊಂಡು ಕೂಡ್ತದ. ಕ್ರಿಮಿ ಉಪವಾಸ ಬೀಳ್ತದ. ಇನ್ನೊಂದು, ಕ್ರಿಮಿ ಮೈಸುತ್ತಿನ ಗ್ವಾಡಿ ಒಡೀತದ. ಕೂಸಿಗಿನ್ನಾ ರೋಗ ತಡಿಯೋ ತನ್ನದ ಶಕ್ತಿ ಬಂದಿಲ್ರಿ.”

“ನೀ ಎಷ್ಟ್ ಹಡದೀಯವ್ವಾ?” ಎಂದರು ದೊಡ್ಡಜ್ಜಿ.

“ಮದಿವಿನ ಆಗಿಲ್ರಿ.”

“ಹಂಗಾರ ಸುಮ್ನಿರು.”

ನರ್ಸ್ ನಕ್ಕಳು, ಆದರೆ ಕದಲಲಿಲ್ಲ. ಮಗಳು ನನ್ನ ಮುಖ ನೋಡಿದಳು. ದೊಡ್ಡಜ್ಜಿಯ ಎದುರು ನಾನು ಎಂದೂ ಬಾಯಿ ತೆರೆದವಳಲ್ಲ. ಆ ಹೊತ್ತಿಗೆ ಧೈರ್ಯವೇನೂ ಬರಲಿಲ್ಲ. ನಾಚಿಕೊಳ್ಳುವಷ್ಟು ತ್ರಾಣ ಉಳಿದಿರಲಿಲ್ಲ, ಅಷ್ಟೇ.

“ಅಕ್ಕಾ, ಮುಂಜಾನಿ ಎದ್ದು ನಿಲ್ಲಲಾರದ ಮರಿ ನೋಡಿ ನೀವ ಏನಂದ್ರಿ? ಗಿಣ್ಣಾಲು ಕುಡಿಸು, ಇಲ್ಲಾಂದ್ರ ಉಳಿಯಂಗಿಲ್ಲ ಅಂದ್ರಿ. ಬಾಜೂಕ ಆಗಷ್ಟ ಈದ ಕುರೀದು ಹಿಂಡಿ ಕುಡಿಸಿ ಬಂದೀನಿ. ಇದೂ ಈದ ಮ್ಯಾಲಿನ ಮೊದಲನೇ ಹಾಲಲ್ಲೇನು?”

“ಕುರಿ ಕೂಡ ಮೊಮ್ಮಗಳ್ನ ಹೋಲಸ್ತೀ?”

“ಕುರೀನ ಶಾಣ್ಯಾ ಅದಾವ ಅಕ್ಕಾ. ಅವು ಚೆಲ್ಲಂಗಿಲ್ಲ.”

ಮಗಳು ಮುಂದಿನ ಮಾತಿಗೆ ಕಾಯಲಿಲ್ಲ. ಕೂಸನ್ನು ಎದೆಗೆ ಹಚ್ಚಿಕೊಂಡಳು. ಅಳು ನಿಂತಿತು. ದೊಡ್ಡಜ್ಜಿ ಅರಳೆ ತೆಗೆದೆಸೆದು, “ತಗೋ, ಸಕ್ಕರಿ ಯಾಕ ಹಾಳು ಮಾಡೂದು” ಎಂದು ಬಟ್ಟಲನ್ನು ನನ್ನತ್ತ ಚಾಚಿದರು.

ಬೆಳಗಿನಿಂದ ನನ್ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅಲ್ಲೇ ಮಂಚದ ಕಾಲಿಗೆ ಒರಗಿ ಕೂತು ಕುಡಿದೆ.